ಇಂಜಿನ್ನಿನ ಬಜರೂ ಡ್ರೈವರನ ನಿದ್ದೆಯೂ

(ಹಾಸನದಲ್ಲಿ ರೈಲು ಪ್ರಯಾಣಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಅರಕಲಗೂಡಿಗೆ ರೈಲಿಲ್ಲ. ಅಲ್ಲಿಯ ಜನ ಬಸ್ಸು ಹತ್ತಿ ಹಾಸನಕ್ಕೋ ಹೊಳೆನರಸೀಪುರಕ್ಕೋ ಬಂದು ಗಾಡಿ ಹಿಡಿಯಬೇಕು. ಚನ್ನರಾಯಪಟ್ಟಣದವರಿಗೆ ಬೆಂಗಳೂರಿನ ನೇರ ದಾರಿ ಪೂರ್ತಿಯಾಗಿ ದೊರೆತದ್ದು 2017ರಲ್ಲಿ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ರೈಲಿನ ಮಾತು ಬಂದಾಗಲೆಲ್ಲ ಹೊಸ ದಾರಿ ಬೇಕು, ಹೊಸ ಗಾಡಿ ಬೇಕು, ನಮ್ಮೂರಲ್ಲಿ ನಿಲ್ಲಬೇಕು ಎಂಬುದೇ ಬೇಡಿಕೆ. ನ್ಯಾಯವಾದ ಬೇಡಿಕೆಯೇ ಸರಿ. ಆದರೆ ಹತ್ತಿದವನು ಕ್ಷೇಮವಾಗಿ ಇಳಿಯಬೇಕೆಂಬುದೂ ಬೇಡಿಕೆಯಾಗಬೇಡವೆ? ಇಂದು ನಾವು ಹೇಳಹೊರಟದ್ದು ಇಂಜಿನ್ನಿನ ಕೋಣೆಯೊಳಗಿನ ಮಾತು. ಅಲ್ಲಿ ಕುಳಿತವನನ್ನು ಎಚ್ಚರಿಸಲು ಏನೇನು ಏರ್ಪಾಡಿದೆ? ಅದು ಸಾಕೆ? ಸಾಲದಿದ್ದರೆ ಹೊಣೆ ಯಾರದು?

ಎಲ್ಲಕ್ಕಿಂತ ಹಳೆಯ ಏರ್ಪಾಡು ಹಳಿಯ ಮೇಲೆ ಕಟ್ಟುವ ಪಟಾಕಿ. ರೈಲ್ವೆಯವರು ಅದಕ್ಕೆ ಡಿಟೊನೇಟರ್ ಎನ್ನುತ್ತಾರೆ. ಮುಂದೆ ದಾರಿಗೆ ಅಡ್ಡಿಯಿದ್ದರೆ ಬ್ರಾಡ್ ಗೇಜಿನಲ್ಲಿ 600 ಮೀಟರ್ ದೂರಕ್ಕೆ ಒಂದು, 1200 ಮೀಟರ್ ದೂರಕ್ಕೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಇಡಬೇಕೆಂದು ನಿಯಮ. ಚಕ್ರ ಹತ್ತಿದೊಡನೆ ಸಿಡಿಯುತ್ತದೆ; ಮಂಜಿನಲ್ಲಿ ಕಣ್ಣಿಗೆ ಕಾಣದ್ದು ಕಿವಿಗೆ ಮುಟ್ಟುತ್ತದೆ. ಆದರೆ ಅದನ್ನು ಇಡಲು ಒಬ್ಬ ಕೂಲಿಕಾರ ರಾತ್ರಿಯಲ್ಲಿ, ಮಳೆಯಲ್ಲಿ ಅಷ್ಟು ದೂರ ಓಡಬೇಕು.

ಎರಡನೆಯದು ಇಂಜಿನ್ನಿನೊಳಗಿನ ಎಚ್ಚರಿಕೆಯ ಯಂತ್ರ. ಡ್ರೈವರನು 60 ಸೆಕೆಂಡು ಕಾಲ ಬ್ರೇಕು, ಹಾರನ್ನು ಮೊದಲಾದ ಯಾವುದನ್ನೂ ಮುಟ್ಟದಿದ್ದರೆ ಒಂದು ದೀಪ ಮಿನುಗುತ್ತದೆ. ಇನ್ನೊಂದು ಎಂಟು ಸೆಕೆಂಡಿಗೆ ಬಜರ್ ಕೂಗುತ್ತದೆ. ಆಗಲೂ ಗುಂಡಿ ಒತ್ತದಿದ್ದರೆ ಮತ್ತೆ ಎಂಟು ಸೆಕೆಂಡಿನಲ್ಲಿ ಬ್ರೇಕು ತಾನಾಗಿ ಬೀಳುತ್ತದೆ. ಒಳ್ಳೆಯ ಯಂತ್ರವೇ. ಆದರೆ ಅದು ಕೇಳುವ ಪ್ರಶ್ನೆ ಒಂದೇ: ‘ಕೈ ಆಡುತ್ತಿದೆಯೇ?’ ಮುಂದಿನ ಸಿಗ್ನಲ್ ಕೆಂಪೋ ಹಸಿರೋ ಅದಕ್ಕೆ ತಿಳಿಯದು.

ಗಾಣದ ಎತ್ತಿನ ಕಥೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಎತ್ತು ನಿಂತರೆ ತಿಳಿಯಲೆಂದು ಗಾಣಿಗ ಅದರ ಕೊರಳಿಗೆ ಗಂಟೆ ಕಟ್ಟಿದ್ದ. ‘ಎತ್ತು ನಿಂತಲ್ಲೇ ತಲೆಯಾಡಿಸಿದರೆ ಏನು ಮಾಡುವೆ?’ ಎಂದು ಪಂಡಿತನೊಬ್ಬ ಕೇಳಿದ. ‘ನಮ್ಮ ಎತ್ತು ತರ್ಕಶಾಸ್ತ್ರ ಓದಿಲ್ಲ ಸ್ವಾಮಿ’ ಎಂದ ಗಾಣಿಗ. ದಣಿದ ಮನುಷ್ಯನಿಗೆ ತರ್ಕಶಾಸ್ತ್ರವೂ ಬೇಕಾಗಿಲ್ಲ. ಅರೆನಿದ್ದೆಯಲ್ಲೂ ಬಜರಿಗೆ ಓಗೊಟ್ಟು ಗುಂಡಿ ಒತ್ತುವುದು ಕೈಗೆ ರೂಢಿಯಾಗಿಬಿಡುತ್ತದೆ.

ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ 1906ರಲ್ಲೇ ಸಿಗ್ನಲ್ಲಿನ ಸುದ್ದಿಯನ್ನು ಇಂಜಿನ್ನಿನೊಳಕ್ಕೆ ತಂದಿತು. ದಾರಿ ತೆರವಿದ್ದರೆ ಗಂಟೆ, ಎಚ್ಚರಿಕೆಯಿದ್ದರೆ ಸಿಳ್ಳು. ಉಳಿದ ದಾರಿಗಳಿಗೆ ಅಂಥದು ಬೇಗ ಬರಲಿಲ್ಲ. 1952ರ ಅಕ್ಟೋಬರ್ 8ರಂದು ಹ್ಯಾರೋದಲ್ಲಿ 112 ಮಂದಿ ಸತ್ತ ಮೇಲೆ ಕೆಲಸ ಚುರುಕಾಯಿತು. ಆದರೆ ಅಲ್ಲಿಯ ಏರ್ಪಾಡಿನಲ್ಲಿ ಹಳದಿಗೂ ಕೆಂಪಿಗೂ ಒಂದೇ ಹಾರನ್ನು. ದಿನಕ್ಕೆ ನೂರು ಸಲ ಕೂಗುವುದನ್ನು ನೂರು ಸಲವೂ ಒತ್ತಿ ನಿಲ್ಲಿಸಬೇಕು. 1999ರ ಅಕ್ಟೋಬರ್ 5ರಂದು ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಹಾರನ್ನು ಕೂಗಿತ್ತು, ಡ್ರೈವರ್ ಅದನ್ನು ಒತ್ತಿ ನಿಲ್ಲಿಸಿದ್ದ, ಗಾಡಿ ಕೆಂಪನ್ನು ದಾಟಿತು. 31 ಮಂದಿ ಸತ್ತರು. ಕಿವಿಗೆ ಹೇಳಿದರಷ್ಟೇ ಸಾಲದು, ಕೆಂಪು ದಾಟುವ ಗಾಡಿಯನ್ನು ಯಂತ್ರವೇ ತಡೆಯಬೇಕು ಎಂಬುದು ಅದರ ಪಾಠ.

ನಮ್ಮ ಪಾಠ ಹತ್ತಿರದ್ದೇ ಇದೆ. 2012ರ ಮೇ 22ರ ಬೆಳಗಿನ ಜಾವ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್, ಗಡಿಯಾಚೆಯ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ, ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ಸುಮಾರು 25 ಜನ ತೀರಿಕೊಂಡರು. ಕೆಂಪು ದಾಟಿದ ಗಾಡಿಯನ್ನು ತಾನಾಗಿ ತಡೆಯುವ ಏರ್ಪಾಡು ಆ ದಾರಿಯಲ್ಲಿರಲಿಲ್ಲ. ಇಂಥ ಪ್ರತಿ ಅಪಘಾತದ ಮರುದಿನ ‘ಡ್ರೈವರನ ತಪ್ಪು’ ಎಂಬ ಮಾತು ಹೊರಡುತ್ತದೆ. ತಪ್ಪಿರಬಹುದು. ಆದರೆ ಸಾವಿರ ಜನರ ಪ್ರಾಣವನ್ನು ಒಂದು ಜೊತೆ ಕಣ್ಣಿನ ಮೇಲೆ ಹೊರಿಸಿದವರು ಯಾರು? ಆ ಮಾತನ್ನು ಯಾರೂ ಎತ್ತುವುದಿಲ್ಲ.

ತಡೆಯುವ ಯಂತ್ರ ನಮ್ಮ ದೇಶದಲ್ಲೇ ತಯಾರಾಗಿದೆ. ಅದರ ಹೆಸರು ಕವಚ. ಹಳಿಯಲ್ಲಿ ಗುರುತಿನ ಪಟ್ಟಿ, ಸ್ಟೇಷನ್ನಿನಲ್ಲಿ ರೇಡಿಯೊ, ಇಂಜಿನ್ನಿನಲ್ಲಿ ಪರದೆ. ಮುಂದಿನ ಸಿಗ್ನಲ್ ಏನೆಂಬುದು ಡ್ರೈವರನ ಎದುರಿಗೇ ಕಾಣುತ್ತದೆ. ವೇಗ ಮೀರಿದರೆ ಸದ್ದು ಮಾಡುತ್ತದೆ. ಅವನು ಹಿಡಿಯದಿದ್ದರೆ ತಾನೇ ಬ್ರೇಕು ಹಿಡಿಯುತ್ತದೆ. ಗೇಟು ಬಂದಾಗ ತಾನೇ ಕೂಗುತ್ತದೆ. 2016ರಲ್ಲಿ ಪ್ರಯಾಣಿಕರ ಗಾಡಿಗಳಲ್ಲಿ ಇದರ ಪರೀಕ್ಷೆ ನಡೆದದ್ದು ನಮ್ಮ ವಾಡಿ, ಬೀದರ್‌ಗಳನ್ನು ಮುಟ್ಟುವ ದಾರಿಗಳಲ್ಲಿ. 2020ರಲ್ಲಿ ಇದೇ ಇಡೀ ದೇಶದ ಏರ್ಪಾಡೆಂದು ಸರಕಾರ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಹಳಿಗೆ ಇಳಿಯುವುದು ಮಾತ್ರ ಬಸವನ ಹುಳುವಿನ ನಡೆ. ದೊಡ್ಡ ನಗರಗಳ ದಾರಿಗೆ ಮೊದಲ ಪಾಳಿ, ಸಣ್ಣ ಊರುಗಳ ದಾರಿಗೆ ಕೊನೆಯ ಪಾಳಿ. ಹೊಳೆನರಸೀಪುರದ ಪ್ರಯಾಣಿಕನ ಜೀವ ದಿಲ್ಲಿಯವನ ಜೀವಕ್ಕಿಂತ ಅಗ್ಗವೆ?

ಹಾಗೆಂದು ಯಂತ್ರ ಬಂದರೆ ಎಲ್ಲ ಸರಿಹೋಯಿತೆಂದು ನಾವು ತಿಳಿಯಕೂಡದು. ಹಾಸನದಿಂದ ಮಂಗಳೂರಿಗೆ ಹೋಗುವ ಗಾಡಿ ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ಘಾಟಿ. 57 ಸುರಂಗ; 50 ಅಡಿಗೆ ಒಂದು ಅಡಿ ಇಳಿಜಾರು. ಮಳೆಗಾಲದಲ್ಲಿ ಗುಡ್ಡ ಜರಿಯುವ ಜಾಗ. ಅಲ್ಲಿ ಯಾವ ಪರದೆಯೂ ಜರಿದ ಮಣ್ಣನ್ನು ಮೊದಲು ಕಾಣುವುದಿಲ್ಲ. ಕಾಣಬೇಕಾದ್ದು ನಿದ್ದೆ ಮಾಡಿ ಎದ್ದುಬಂದ ಮನುಷ್ಯನ ಕಣ್ಣು.

ಆ ನಿದ್ದೆಗಾಗಿ ಕಾರ್ಮಿಕರು ಹೋರಾಡಿದ್ದಾರೆ. 1973ರಲ್ಲಿ ಇಂಜಿನ್ ಸಿಬ್ಬಂದಿ ಮುಷ್ಕರ ಹೂಡಿ ದುಡಿಮೆಗೆ 10 ಗಂಟೆಯ ಮಿತಿ ಹಾಕುವ ಮಾತು ಪಡೆದರು. 1974ರ ಮೇ 8ರಂದು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರ ಮುಂದಾಳುತನದಲ್ಲಿ ಆರಂಭವಾದ ಮಹಾಮುಷ್ಕರದಲ್ಲೂ ಎಂಟು ಗಂಟೆಯ ದುಡಿಮೆ ಒಂದು ಬೇಡಿಕೆ. ಸರಕಾರ ಸಾವಿರಾರು ಮಂದಿಯನ್ನು ಜೈಲಿಗೆ ತಳ್ಳಿತು. ಡ್ರೈವರನನ್ನು ಇಂದು ಇಲಾಖೆ ಲೋಕೋ ಪೈಲಟ್ ಎಂದು ಕರೆಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂ! ಹೆಸರು ಬೆಳೆದರೆ ನಿದ್ದೆ ಬೆಳೆಯುವುದಿಲ್ಲ.

ಆದಕಾರಣ ಮಿತ್ರರೇ, ನಮ್ಮ ಬೇಡಿಕೆ ಮೂರು. ಮೈಸೂರು–ಹಾಸನ–ಅರಸೀಕೆರೆ, ಹಾಸನ–ಬೆಂಗಳೂರು, ಹಾಸನ–ಮಂಗಳೂರು ದಾರಿಗಳಲ್ಲಿ ಕವಚದ ಕೆಲಸ ಯಾವ ತಾರೀಖಿಗೆ ಎಲ್ಲಿಗೆ ಮುಟ್ಟಬೇಕೆಂಬುದನ್ನು ಸ್ಟೇಷನ್ನಿನ ಹಲಗೆಯ ಮೇಲೆ ಬರೆದು ತೂಗುಹಾಕಲಿ. ಡ್ರೈವರುಗಳ ಖಾಲಿ ಜಾಗಗಳನ್ನು ತುಂಬಿ, ಸಾಲು ಸಾಲು ರಾತ್ರಿಪಾಳಿಯನ್ನು ತಪ್ಪಿಸಲಿ. ಅಪಘಾತದ ವಿಚಾರಣೆಯಲ್ಲಿ ಡ್ರೈವರನು ಹಿಂದಿನ ದಿನ ಎಷ್ಟು ಗಂಟೆ ಮಲಗಿದ್ದನೆಂಬುದನ್ನೂ ಬರೆದು ಪ್ರಕಟಿಸಲಿ.

ಇವನ್ನು ಸಿಬ್ಬಂದಿ ಕೇಳಿದರೆ ಸಂಬಳದ ಜಗಳವೆನ್ನುತ್ತಾರೆ. ಪ್ರಯಾಣಿಕರು ಕೇಳಿದರೆ ಹಾಗೆನ್ನಲು ಬಾಯಿ ಬಾರದು. ಮುಂದಿನ ಸಲ ನಿಲುಗಡೆಗಾಗಿ ಅರ್ಜಿ ಬರೆಯುವಾಗ ಅರಕಲಗೂಡಿನವರೂ ಚನ್ನರಾಯಪಟ್ಟಣದವರೂ ಈ ಮೂರು ಸಾಲನ್ನು ಅದರ ಕೆಳಗೆ ಸೇರಿಸಲಿ. ಇಂಜಿನ್ನಿನಲ್ಲಿ ಕುಳಿತವನ ನಿದ್ದೆ ಅವನೊಬ್ಬನ ಸ್ವತ್ತಲ್ಲ. ಹಿಂದಿನ ಡಬ್ಬಿಯಲ್ಲಿ ಮಲಗಿದ ನಮ್ಮೆಲ್ಲರ ಸ್ವತ್ತು.