ಜಂತಿಯ ಗುಬ್ಬಿ, ಪೊಟರೆಯ ಗುಬ್ಬಿ

ಕಾಗಕ್ಕ ಗುಬ್ಬಕ್ಕನ ಕತೆಯಲ್ಲಿ ಮಳೆಗೆ ಕರಗಿದ್ದು ಕಾಗಕ್ಕನ ಸೆಗಣಿ ಮನೆ. ಗುಬ್ಬಕ್ಕನ ಕಲ್ಲಿನ ಮನೆಗೆ ಏನೂ ಆಗಲಿಲ್ಲ. ಕತೆ ಕಟ್ಟಿದ ಅಜ್ಜಿಯ ಕಣ್ಣು ಚುರುಕಾಗಿತ್ತು. ಗುಬ್ಬಿಗೆ ಮರಕ್ಕಿಂತ ಗೋಡೆಯೇ ಹತ್ತಿರ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲದಂಥ ಊರುಗಳ ಹಳೆಯ ಮಾಳಿಗೆ ಮನೆಗಳಲ್ಲಿ ಅದು ಜಂತಿಯ ಸಂದಿಗೆ ಹುಲ್ಲು ತುರುಕುತ್ತದೆ. ಜಂತಿ ಹೋಗಿ ಸ್ಲ್ಯಾಬ್ ಬಂದರೆ ಅಂಗಡಿಯ ಶಟರಿನ ಮೇಲಿನ ಕಿಂಡಿಯಾದರೂ ಸರಿ.

ಪಾರ್ಕಿಗೆ ಬಂದರೆ ಮಾತ್ರ ಗೊಂದಲ. ಅಲ್ಲಿ ಕಂಡ ಕಂದು ಹಕ್ಕಿಯನ್ನೆಲ್ಲ ಜನ ಗುಬ್ಬಿ ಎಂದುಬಿಡುತ್ತಾರೆ, ತೆಲುಗಿನವರಾದರೆ ಪಿಚ್ಚುಕ. ಗಂಡು ಗುಬ್ಬಿಯ ಗುರುತು ಸುಲಭ: ಬೂದು ನೆತ್ತಿ, ಬಿಳಿ ಕೆನ್ನೆ, ಗಲ್ಲದಿಂದ ಎದೆಗೆ ಇಳಿದ ಕರಿ ಮಚ್ಚೆ. ಮೋಸ ಹೋಗುವುದು ಹೆಣ್ಣಿನ ವಿಷಯದಲ್ಲಿ. ಅದಕ್ಕೆ ಕಪ್ಪು ಮಚ್ಚೆಯಿಲ್ಲ, ಬೆನ್ನ ಮೇಲೆ ಗೆರೆಗಳು, ಕಣ್ಣಿನ ಹಿಂದೆ ಒಂದು ಮಾಸಲು ಹುಬ್ಬು. ಮರಿ ಮಾಡುವ ಕಾಲ ಮುಗಿದು ಹಳದಿ ಕಳೆದುಕೊಂಡ ಗೀಜಗವೂ ಹೆಚ್ಚುಕಡಿಮೆ ಹೀಗೆಯೇ. ಅದರ ಕೊಕ್ಕು ದಪ್ಪ, ಬಾಲ ಮೋಟು.

ಬೆನ್ನ ಮೇಲೆ ಗೆರೆಯೇ ಇಲ್ಲದ, ತೆಳು ಕೊಕ್ಕಿನ ಹಕ್ಕಿ ಒಣಕೊಂಬೆಯ ತುದಿಯಲ್ಲಿ ಕೂತಿದ್ದರೆ ಎರಡನೇ ಸಲ ನೋಡಬೇಕು. ಭುಜದಲ್ಲಿ ಕೆಂಗಂದು, ರೆಕ್ಕೆಯಲ್ಲಿ ಬಿಳಿ ಪಟ್ಟಿ, ಕೊರಳಲ್ಲಿ ಅರಿಸಿನದ ಬೊಟ್ಟು ಇಟ್ಟಂತೆ ಹಳದಿ. ಆ ಬೊಟ್ಟು ಕತ್ತು ಎತ್ತಿದಾಗಷ್ಟೇ ಚೆನ್ನಾಗಿ ಕಾಣುತ್ತದೆ. ಇದು ಹಳದಿ ಕೊರಳಿನ ಗುಬ್ಬಿ. ದಖ್ಖನ್ನಿನ ಒಣನೆಲ ಇದಕ್ಕೆ ಒಗ್ಗಿದೆ, ಆದರೆ ಗೂಡಿಗೆ ಸಾಮಾನ್ಯವಾಗಿ ಮರದ ಪೊಟರೆಯೇ ಬೇಕು. ಕಾಳಿನ ಜೊತೆ ಹೂವಿನ ಮಕರಂದವನ್ನೂ ಹೀರುತ್ತದೆ.

1908ರಲ್ಲಿ ಮುಂಬಯಿಯ ಒಬ್ಬ ಹುಡುಗ ಏರ್‌ಗನ್‌ನಿಂದ ಹೊಡೆದು ಕೆಡವಿದ್ದು ಇಂಥದ್ದೇ ಹಕ್ಕಿಯನ್ನು. ಯಾವ ಗುಬ್ಬಿ ಇದು ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಕಪಾಟು ತೆರೆದು ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಹುಡುಗನೇ ಮುಂದೆ ಪಕ್ಷಿತಜ್ಞರಾದ ಸಲೀಂ ಅಲಿ. 1931ರಲ್ಲಿ ಅವರು ನಿಜಾಮರ ಹೈದರಾಬಾದ್ ರಾಜ್ಯದ ಹಕ್ಕಿಗಳ ಸಮೀಕ್ಷೆಗೆ ಬಂದರು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಆಗ ಅದೇ ರಾಜ್ಯದಲ್ಲಿದ್ದವು. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲೂ ಆ ಗುಬ್ಬಿಯೇ ಇದೆ.

ಜಂತಿಯ ಗುಬ್ಬಿಗಾಗಿ ನುಚ್ಚು ಚೆಲ್ಲುವವರು ಇನ್ನೂ ಇದ್ದಾರೆ, ಸಂತೋಷ. ಆದರೆ ಹೊಸದಾಗಿ ಹುಟ್ಟಿದ ಮರಿಗೆ ನುಚ್ಚು ಆಗದು. ತಾಯಿ ತಂದು ಉಣಿಸುವುದು ಹುಳುಗಳನ್ನು. ಪಾರ್ಕಿನ ಬೇಲಿಗಿಡಕ್ಕೆ ಔಷಧಿ ಹೊಡೆಸುವವರು ಆ ಹುಳುಗಳನ್ನು ನೆನೆಯಲಿ, ಒಣಗಿದ ಕೊಂಬೆ ಕಡಿಸುವವರು ಮೊದಲೊಮ್ಮೆ ಕತ್ತೆತ್ತಿ ಪೊಟರೆ ನೋಡಲಿ.