ಸೋರುವ ಮಾಡು ಮತ್ತು ಮನೆಯ ವಿಮೆ

(ಸ್ವಸಹಾಯ ಸಂಘಗಳ ವಲಯ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಉಳಿತಾಯ, ಸಾಲ ಮರುಪಾವತಿಯ ಬಗ್ಗೆ ನಾನು ಮಾತನಾಡುವುದಿಲ್ಲ. ಅದನ್ನು ಕೇಳಿ ಕೇಳಿ ನಿಮಗೂ ಸಾಕಾಗಿದೆ, ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ನಮ್ಮ ತಲೆಯ ಮೇಲಿರುವ ಮಾಡಿನ ವಿಷಯ ಮಾತನಾಡೋಣ. ಕಳೆದ ಮಳೆಗಾಲದಲ್ಲಿ ರಾತ್ರಿ ಮಂಚದ ಪಕ್ಕ ಪಾತ್ರೆ ಇಟ್ಟು ಮಲಗಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ನೋಡಿ, ಅರ್ಧಕ್ಕಿಂತ ಹೆಚ್ಚು ಕೈಗಳು! ನಾಚಿಕೆ ಬೇಡ. ನಮ್ಮ ಕಾನ್ವೆಂಟಿನ ಅಡುಗೆಮನೆಯಲ್ಲೂ ಎರಡು ಬಕೆಟ್ ಇಟ್ಟಿದ್ದೆವು.

ನಿಮಗೆ ಎರಡು ಮನೆಗಳ ಕಥೆ ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ಇಬ್ಬರೂ ಒಂದೇ ಸಂಘದವರು, ಅಕ್ಕಪಕ್ಕದ ಹಂಚಿನ ಮನೆಯವರು. ಇಬ್ಬರೂ ಮನೆ ಸಾಲ ತೆಗೆದಿದ್ದರಿಂದ ಇಬ್ಬರ ಮನೆಗೂ ವಿಮೆ ಇತ್ತು. ಜುಲೈ ತಿಂಗಳ ಒಂದು ರಾತ್ರಿ ಗಾಳಿ ಮಳೆ ಜೋರಾಗಿ ಬಂತು. ಮೊದಲನೆಯವರ ಅಡುಗೆಮನೆಯ ಮೇಲೆ ತೆಂಗಿನ ಮರ ಬಿತ್ತು. ಹಂಚು, ಪಕ್ಕಾಸು, ರೀಪು ಎಲ್ಲಾ ಮುರಿದು ಅಕ್ಕಿ, ಹಾಸಿಗೆ, ಮಿಕ್ಸಿ ನೀರುಪಾಲಾಯಿತು. ಎರಡನೆಯವರ ಮಾಡು ಮೂರು ವರ್ಷದಿಂದ ಸೋರುತ್ತಿತ್ತು. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಅದೇ ರಾತ್ರಿ ಒಂದು ಮೂಲೆ ಕುಸಿದು ಹಂಚು ಜಾರಿ ಬಿತ್ತು.

ವಿಮೆ ಕಂಪೆನಿಯ ಸರ್ವೇಯರ್ ಎರಡೂ ಮನೆಗೆ ಬಂದರು. ಮೊದಲನೆಯವರಿಗೆ ಹಣ ಬಂತು. ಎರಡನೆಯವರಿಗೆ ಬಂದದ್ದು ಒಂದು ಕಾಗದ ಮಾತ್ರ. ಹಳೆಯ ಸವೆತ, ನಿರ್ವಹಣೆಯ ಕೊರತೆ, ಪರಿಹಾರ ಇಲ್ಲ ಅಂತ. ಅಷ್ಟರಲ್ಲಿ ಆಕೆ, ವಿಮೆ ಹಣ ಬಂದ ಕೂಡಲೇ ತೀರಿಸುತ್ತೇನೆ ಎಂದು ಹೊರಗಿನವರಿಂದ 28,000 ರೂಪಾಯಿ ಬಡ್ಡಿಗೆ ತಂದಾಗಿತ್ತು. ಸಂಘಕ್ಕೂ ಹೇಳಿರಲಿಲ್ಲ. ಆ ಕಾಗದ ಹಿಡಿದು ನನ್ನ ಆಫೀಸಿಗೆ ಬಂದು ಅತ್ತರು. "ಸಿಸ್ಟರ್, ಪಕ್ಕದ ಮನೆಗೆ ಕೊಟ್ಟಿದ್ದಾರೆ, ನನಗೆ ಯಾಕೆ ಇಲ್ಲ? ಅದೇ ಮಳೆ ಅಲ್ವಾ?"

ನನಗೂ ಸಿಟ್ಟು ಬಂತು. ಜಗಳ ಮಾಡಲೆಂದೇ ಪಾಲಿಸಿ ತರಿಸಿ ಓದಿದೆ. ಓದಿದ ಮೇಲೆ ಸಿಟ್ಟು ಇಳಿಯಿತು, ದುಃಖ ಹೆಚ್ಚಾಯಿತು. ಕಂಪೆನಿ ನಿಯಮದಂತೆಯೇ ನಡೆದಿತ್ತು. ಎಂ.ಎಸ್.ಡಬ್ಲ್ಯು. ಓದುವಾಗ ಇದನ್ನೆಲ್ಲ ನನಗೂ ಯಾರೂ ಕಲಿಸಿರಲಿಲ್ಲ ನೋಡಿ.

ವಿಷಯ ಇಷ್ಟೇ. ಮನೆಯ ವಿಮೆ ಇರುವುದು ಆಕಸ್ಮಿಕವಾಗಿ ಬಂದ ಆಪತ್ತಿಗೆ. 2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ವಿಮೆ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಚಂಡಮಾರುತ, ನೆರೆ, ಭೂಕಂಪ, ಗುಡ್ಡ ಕುಸಿತ, ಮರ ಅಥವಾ ವಾಹನ ಬಂದು ಬಡಿಯುವುದು, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು, ಇವೆಲ್ಲ ಅದರಲ್ಲಿ ಸೇರಿವೆ. ಗಾಳಿಗೆ ಹಂಚು ಹಾರಿ ಹೋಗಿ ಆ ಜಾಗದಿಂದ ನೀರು ಒಳಗೆ ಬಂದರೆ ಕೇಳುವ ಹಕ್ಕು ನಿಮಗಿದೆ. ಆದರೆ ವರ್ಷಗಟ್ಟಲೆ ಹನಿ ಹನಿಯಾಗಿ ಸೋರಿದ್ದು, ಗೆದ್ದಲು ತಿಂದದ್ದು, ತಾರಸಿಯ ಬಿರುಕು, ಸರಳು ತುಕ್ಕು ಹಿಡಿದದ್ದು, ಇದಕ್ಕೆ ವಿಮೆ ಕೊಡುವುದಿಲ್ಲ. ರಿಪೇರಿ ನಮ್ಮದೇ ಖರ್ಚು.

ಹಾಗಾದರೆ ವಿಮೆಯೇ ಬೇಡ ಅನ್ನಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯಲ್ಲಿ ಏನು ಮಾಡಿತು ಅಂತ ಕಡಲ ಬದಿಯ ಅಕ್ಕಂದಿರಿಗೆ ಗೊತ್ತಿದೆ. ವಿಮೆಗೆ ಜಾಗದ ಬೆಲೆ ಲೆಕ್ಕವಿಲ್ಲ. ಆ ಮನೆಯನ್ನು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ಮಾಡಿಸಬೇಕು. ಹತ್ತು ಲಕ್ಷದ ಮನೆಗೆ ವರ್ಷದ ಕಂತು ಕೆಲವು ನೂರು ರೂಪಾಯಿ ಮಾತ್ರ. ಕಟ್ಟಡಕ್ಕೆ ಮಾಡಿಸಿದರೆ ಒಳಗಿನ ಸಾಮಾನಿಗೂ ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ರಕ್ಷಣೆ ತಾನಾಗಿಯೇ ಸಿಗುತ್ತದೆ. ಬಾಡಿಗೆ ಮನೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಮಾಡು ಎಂಥದ್ದು, ಗೋಡೆ ಎಂಥದ್ದು ಅಂತ ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿ. ಏಜೆಂಟ್ ಏನೋ ಬರೆದ, ನಾನು ಸಹಿ ಹಾಕಿದೆ ಅನ್ನುವುದು ಆಮೇಲೆ ನಡೆಯುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. "ಸಿಸ್ಟರ್, ನನ್ನ ಖಾತೆಯಿಂದ ಪ್ರತಿ ವರ್ಷ ವಿಮೆ ಹಣ ಕಟ್ ಆಗ್ತದೆ, ಮನೆಗೂ ಅದು ಆಗ್ತದಲ್ಲ?" ಅಂತ ಕೇಳುತ್ತೀರಿ. ಇಲ್ಲ ಅಮ್ಮಾ. 20 ರೂಪಾಯಿಯದ್ದು ಅಪಘಾತ ವಿಮೆ, 436 ರೂಪಾಯಿಯದ್ದು ಜೀವ ವಿಮೆ. ಮನೆಯ ಒಂದು ಹಂಚಿಗೂ ಅದು ಆಗುವುದಿಲ್ಲ. ಸಾಲ ಕೊಡುವಾಗ ಮಾಡಿಸುವ ವಿಮೆಯೂ ಕೆಲವೊಮ್ಮೆ ಸಾಲಗಾರರ ಜೀವಕ್ಕೆ ಮಾತ್ರ ಇರುತ್ತದೆ. ಬ್ಯಾಂಕಿಗೆ ಹೋಗಿ ಪಾಲಿಸಿಯ ಪ್ರತಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಹಾಗೇ ಮನೆ ಯಾರ ಹೆಸರಿನಲ್ಲಿದೆ ನೋಡಿ. ಮಾವ ತೀರಿ ಹೋಗಿ ಹತ್ತು ವರ್ಷ ಆಗಿದೆ, ತೆರಿಗೆ ರಶೀದಿ ಇನ್ನೂ ಅವರ ಹೆಸರಿಗೇ ಬರುತ್ತದೆ. ಅಂಥ ಮನೆಗಳು ಇಲ್ಲಿ ಎಷ್ಟಿಲ್ಲ! ಪರಿಹಾರ ಬರುವ ಹೊತ್ತಿಗೆ ತಕರಾರು ಶುರುವಾಗುವುದು ಅಲ್ಲೇ. ಮೊದಲು ಪಂಚಾಯತಿಯಲ್ಲಿ ಖಾತೆ ಬದಲಾಯಿಸಿಕೊಳ್ಳಿ.

ಆಪತ್ತು ಬಂದೇ ಬಂತು ಅನ್ನಿ. ಆಗ ಮುರಿದ ಹಂಚನ್ನು ಗುಡಿಸಿ ಎಸೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿದ್ದ ಮರ ಮಾಡಿನ ಮೇಲೆ ಇರುವಾಗಲೇ ಫೋಟೋ ಬೇಕು. ಕೂಡಲೇ ಕಂಪೆನಿಗೆ ತಿಳಿಸಿ, ದೂರಿನ ನಂಬರ್ ಬರೆದಿಡಿ. ಮಳೆ ಒಳಗೆ ಬರದ ಹಾಗೆ ಟಾರ್ಪಾಲು ಹಾಕಿ, ಅದರ ರಶೀದಿ ಇಟ್ಟುಕೊಳ್ಳಿ. ಪೂರ್ತಿ ರಿಪೇರಿ ಮಾತ್ರ ಸರ್ವೇಯರ್ ನೋಡಿ ಹೋದ ಮೇಲೆ. ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ. ಫೀಸು ಇಲ್ಲ, ವಕೀಲರೂ ಬೇಡ. ವಿಮಾ ಪ್ರಾಧಿಕಾರದ ಉಚಿತ ದೂರವಾಣಿ 155255.

ವಿಮೆ ಇಲ್ಲದವರು ಗ್ರಾಮ ಆಡಳಿತ ಅಧಿಕಾರಿಗೂ ಪಂಚಾಯತಿಗೂ ಅಂದೇ ತಿಳಿಸಿ ಪಂಚನಾಮೆ ಮಾಡಿಸಿ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರದ ದರದಲ್ಲಿ ಕನಿಷ್ಠ ಶೇಕಡಾ 15 ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಈ ಹಣದಲ್ಲಿ ಮಾಡು ಏಳುವುದಿಲ್ಲ, ನನಗೆ ಗೊತ್ತು. ಆದರೂ ಬಿಡಬೇಡಿ.

ಇನ್ನು ರಿಪೇರಿಯ ಖರ್ಚಿಗೆ ಬರೋಣ. ನಮ್ಮ ಹಿರಿಯರು ಏಪ್ರಿಲ್, ಮೇ ಬಂತೆಂದರೆ ಹಂಚು ಕೈಯಾಡಿಸುತ್ತಿದ್ದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಹಾಕಿದ ಕಾಲದ ಹಂಚು ಇನ್ನೂ ಕೆಲವು ಮನೆಗಳ ಮೇಲಿದೆ. ಹಂಚು ಹಾಳಾಗುವುದು ನಿಧಾನ. ಅದರ ಅಡಿಯ ಮರ ಹಾಳಾಗುವುದು ಬೇಗ. ಸುಮಾರು 100 ಚದರ ಅಡಿ ಮಾಡಿಗೆ 140 ಹಂಚು ಹಿಡಿಯುತ್ತದೆ. ಆದರೆ ಸೋರುವ ಮಾಡಿನಲ್ಲಿ ಒಡೆದದ್ದು ಕೆಲವೇ ಇರುತ್ತವೆ. ನಮ್ಮ ಒಬ್ಬ ಸದಸ್ಯೆ ಏಪ್ರಿಲ್‌ನಲ್ಲಿ ಮಾಡಿಸಿದ ಲೆಕ್ಕ ಇಲ್ಲಿದೆ: ಹಂಚು 60ಕ್ಕೆ 2,700, ಎರಡು ಪಕ್ಕಾಸು ಮತ್ತು ರೀಪಿಗೆ 2,300, ಇಬ್ಬರಿಗೆ ಎರಡು ದಿನದ ಕೂಲಿ 4,400. ಒಟ್ಟು 9,400 ರೂಪಾಯಿ. ಸಂಘದಿಂದ ಹತ್ತು ಸಾವಿರ ಸಾಲ ತೆಗೆದರು, ಹನ್ನೆರಡು ಕಂತಿನಲ್ಲಿ ತೀರಿಸುತ್ತಿದ್ದಾರೆ. ಅದೇ 28,000ದ ಅಕ್ಕ ಈಗಲೂ ಬಡ್ಡಿ ಕಟ್ಟುತ್ತಿದ್ದಾರೆ.

ತಾರಸಿ ಮನೆಯವರು ಮೊದಲು ನೀರು ಹೋಗುವ ಪೈಪಿನ ಬಾಯಿಯ ತರಗೆಲೆ ತೆಗೆಯಿರಿ. ಅದಕ್ಕೆ ಖರ್ಚಿಲ್ಲ. ಒಂದು ಪೊರಕೆ ಸಾಕು. ನೀರು ನಿಂತಲ್ಲೇ ಬಿರುಕು ಬಲಿಯುವುದು. ಮೇಸ್ತ್ರಿ ಇಡೀ ತಾರಸಿಗೆ ಯಾವುದೋ ದುಬಾರಿ ಬಣ್ಣ ಬಳಿಯಬೇಕು ಎಂದರೆ ಇನ್ನೊಬ್ಬರ ಹತ್ತಿರವೂ ಕೇಳಿ. ಎಲ್ಲಿಂದ ಸೋರುತ್ತದೆ ಎಂದು ತೋರಿಸಲಾಗದವರ ಕೈಗೆ ಮುಂಗಡ ಕೊಡಬೇಡಿ.

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ಮನೆಯ ತೆರಿಗೆ ರಶೀದಿ ಮತ್ತು ವಿಮೆ ಕಾಗದ ಇದ್ದರೆ ಅದನ್ನೂ ತನ್ನಿ. ನಮ್ಮ ಕಾರ್ಯಕರ್ತೆ ಕೂತು ಓದಿ ಹೇಳುತ್ತಾರೆ. ರಿಪೇರಿ ಸಾಲ ಬೇಕಾದವರು ಮೇಸ್ತ್ರಿಯ ಅಂದಾಜು ಬರೆಸಿಕೊಂಡು ಬನ್ನಿ. ಈಗ ಪ್ರಶ್ನೆ ಇದ್ದರೆ ಕೇಳಿ, ಊಟಕ್ಕೆ ಇನ್ನೂ ಹತ್ತು ನಿಮಿಷ ಇದೆ.