ಆರೋಹಣ – ಅವರೋಹಣ

(ರಾಜಾಜಿನಗರದ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಹೋದ ವರ್ಷ ವಿಜಯನಗರದ ನಮ್ಮ ಭಕ್ತರ ಮನೆಯ ತಾಯಿಯೊಬ್ಬರು ಮಠಕ್ಕೆ ಬಂದು ಕಣ್ಣೀರಿಟ್ಟರು. "ಬುದ್ಧಿ, ಭಾನುವಾರ ಬಂತೆಂದರೆ ನನ್ನ ಮಗ ಹಗ್ಗ ಹೊತ್ತುಕೊಂಡು ಬಂಡೆ ಹತ್ತಲು ಹೋಗುತ್ತಾನೆ. ಇರುವವನು ಒಬ್ಬನೇ. ತಾವು ಒಂದು ಮಾತು ಹೇಳಿದರೆ ಬಿಟ್ಟಾನು" ಎಂದರು. ನಾವು ಹಿಂದುಮುಂದು ನೋಡದೆ ಹುಡುಗನನ್ನು ಕರೆಸಿ, "ಇದು ಮಂಗನಾಟ, ಬಿಟ್ಟುಬಿಡಪ್ಪಾ" ಎಂದೆವು. ಆತ ಎದುರಾಡಲಿಲ್ಲ. "ಬುದ್ಧಿ, ತಾವೊಮ್ಮೆ ಬಂದು ನೋಡಬೇಕು. ಆಮೇಲೂ ಬೇಡವೆಂದರೆ ಬಿಡುತ್ತೇನೆ" ಎಂದ. ಈ ಮಾತು ನಮಗೆ ನಾಟಿತು. ಪಾಠಶಾಲೆಯಲ್ಲಿ ವರ್ಷಗಟ್ಟಲೆ ತರ್ಕ ಓದಿದವರು ನಾವು. ಪ್ರತ್ಯಕ್ಷವಿಲ್ಲದೆ ತೀರ್ಪು ಕೊಟ್ಟಿದ್ದೆವು.

ಮಾರ್ಗಶಿರದ ಒಂದು ಮುಂಜಾನೆ ಪೂಜೆ ಮುಗಿಸಿ ಹೊರಟೆವು. ಕೆಂಗೇರಿ, ಬಿಡದಿ ದಾಟಿ ರಾಮನಗರದ ಸೀಮೆ. 1975ರಲ್ಲಿ ಬಂದ 'ಶೋಲೆ' ಚಿತ್ರದಿಂದ ಆ ಬಂಡೆಗಳನ್ನು ತಾವೆಲ್ಲ ಬಲ್ಲಿರಿ. ಆ ಊರಿಗೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂದು ಹೆಸರಿತ್ತು. ಭೂವಿಜ್ಞಾನಿಗಳು ಇಂದಿಗೂ ಆ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಹುಡುಗರು ರಾಮದೇವರ ಬೆಟ್ಟದ ಕಡೆಗೆ ಹೋಗಲಿಲ್ಲ. ಅದು 2012ರಿಂದ ರಣಹದ್ದುಗಳ ವನ್ಯಧಾಮ, ಅವು ಗೂಡು ಕಟ್ಟುವ ಬಂಡೆಯ ಬಳಿ ಸುಳಿಯಬಾರದು ಎಂದರು. ಹೊಲದ ಬದುಗಳ ಮೇಲೆ ನಡೆದು, ಲಂಟಾನ ಸರಿಸಿಕೊಂಡು, ಯಾರೂ ಸುಳಿಯದ ಒಂದು ಸಣ್ಣ ಬಂಡೆಯ ಬುಡಕ್ಕೆ ಕರೆದೊಯ್ದರು. ಎತ್ತರ 60 ಅಡಿ ಇದ್ದೀತು. ನಡುವೆ ಅಡಿಯಿಂದ ಮುಡಿಯವರೆಗೆ ಒಂದು ಸೀಳು. ಬಲ್ಲವರಿಗೆ ಇದು ಮಧ್ಯಮ ದರ್ಜೆಯ ದಾರಿಯಂತೆ. ನಮಗಂತೂ ನೋಡಿದರೇ ಎದೆ ನಡುಗಿತು.

ಇವರು ಬಂಡೆಗೆ ಮೊಳೆ ಹೊಡೆಯುವುದಿಲ್ಲ, ತೂತು ಕೊರೆಯುವುದಿಲ್ಲ. ಸೊಂಟದ ಸುತ್ತ ಲೋಹದ ಸಣ್ಣ ಬೆಣೆಗಳನ್ನು ತೂಗುಹಾಕಿಕೊಂಡಿರುತ್ತಾರೆ. ಸೀಳು ಮೇಲೆ ಅಗಲವಾಗಿ ಕೆಳಗೆ ಕಿರಿದಾದಲ್ಲಿ ಬೆಣೆಯನ್ನು ಇಳಿಬಿಟ್ಟು, ಅದಕ್ಕೆ ಹಗ್ಗ ಸಿಕ್ಕಿಸಿ ಮುಂದೆ ಹೋಗುವುದು. ಜಾರಿದರೆ ಆ ಬೆಣೆಯೇ ಹಿಡಿಯಬೇಕು. ಅದನ್ನು 'ನಟ್' ಎನ್ನುತ್ತಾರೆ. ಹಿಂದೆ ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಆರೋಹಿಗಳು ರೈಲುಹಳಿಯ ಪಕ್ಕ ಬಿದ್ದಿದ್ದ ಯಂತ್ರದ ನಟ್ಟುಗಳನ್ನೇ ಆರಿಸಿ ದಾರ ಪೋಣಿಸಿ ಬಳಸುತ್ತಿದ್ದರಂತೆ. ಹೆಸರು ಹಾಗೇ ಉಳಿಯಿತು. ಸ್ಪ್ರಿಂಗಿನಿಂದ ಅರಳಿಕೊಂಡು ಸೀಳನ್ನು ಹಿಡಿಯುವ ಇನ್ನೊಂದು ಸಾಧನ 1978ರ ಹೊತ್ತಿಗೆ ಮಾರಾಟಕ್ಕೆ ಬಂತು. ಅದರ ಹೆಸರು 'ಫ್ರೆಂಡ್'. ಗೆಳೆಯ! ಹೆಸರಿಟ್ಟವನು ರಸಿಕನೇ ಇರಬೇಕು. ಅಮೆರಿಕದ ಯೋಸೆಮಿಟಿ ಕಣಿವೆಯಲ್ಲಿ ಉಕ್ಕಿನ ಮೊಳೆ ಬಡಿದು ಬಡಿದು ಕಲ್ಲಿನ ಸೀಳುಗಳೇ ಗಾಯವಾದಾಗ, 1970ರ ದಶಕದಲ್ಲಿ ಅಲ್ಲಿಯ ಆರೋಹಿಗಳೂ ಮೊಳೆ ಬಿಟ್ಟು ಬೆಣೆ ಹಿಡಿದರು. ಮುಂದಿನವನು ಇಟ್ಟದ್ದನ್ನು ಹಿಂದಿನವನು ಒಂದೊಂದಾಗಿ ತೆಗೆದುಕೊಂಡು ಹತ್ತುತ್ತಾನೆ. ಬಂಡೆಯಲ್ಲಿ ಏನೂ ಉಳಿಯುವುದಿಲ್ಲ. ಬುಡದ ಸೀಳಿನಲ್ಲಿ ನಾವೂ ಒಂದು ಬೆಣೆ ಇಟ್ಟೆವು. ಎಳೆದು ನೋಡಿದರೆ ಕೈಗೇ ಬಂತು. ಹುಡುಗರು ನಗಲಿಲ್ಲ, ಅದು ಅವರ ಸೌಜನ್ಯ.

ಹುಡುಗ ಏರತೊಡಗಿದ. ಅವನ ಗೆಳೆಯ ಕೆಳಗೆ ಹಗ್ಗವನ್ನು ಅಳತೆಯಾಗಿ ಬಿಡುತ್ತಾ ನಿಂತ. ಅವನ ಕಣ್ಣು ಅತ್ತಿತ್ತ ಹೊರಳಲಿಲ್ಲ. ಮುಕ್ಕಾಲು ದಾರಿ ಸಾಗಿತು. ಅಲ್ಲಿ ಸೀಳು ಆಲಿಕೆಯಂತೆ ಹೊರಕ್ಕೆ ಬಾಯಿ ತೆರೆದಿತ್ತು. ಒಂದು ಬೆಣೆ ಇಟ್ಟ, ಎಳೆದ, ತೆಗೆದ. ಇನ್ನೊಂದು ಇಟ್ಟ, ತೆಗೆದ. ತುದಿ ಇನ್ನು ಎರಡಾಳು ಎತ್ತರ. ನಾವು ಮನಸ್ಸಿನಲ್ಲೇ "ಹತ್ತಿಬಿಡಪ್ಪಾ, ಇಷ್ಟೇ ತಾನೆ" ಎಂದುಕೊಂಡೆವು. ಬಿಡು ಎಂದು ಹೇಳಿದ್ದವರೂ ನಾವೇ, ನೋಡಿ! ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಳಿಯುತ್ತೇನೆ" ಎಂದ. ಒಂದೊಂದೇ ಹೆಜ್ಜೆ ಕೆಳಗಿಟ್ಟು, ತಾನಿಟ್ಟ ಬೆಣೆಗಳನ್ನು ತಾನೇ ಬಿಡಿಸಿಕೊಂಡು ನೆಲ ಮುಟ್ಟಿದ. ಮಠದ ಸ್ವಾಮಿಗಳು ನೋಡುತ್ತಿದ್ದಾರೆ ಎಂಬ ಸಂಕೋಚವೂ ಅವನನ್ನು ಮೇಲಕ್ಕೆ ದೂಡಲಿಲ್ಲ.

ಚಿಕ್ಕಂದಿನಲ್ಲಿ ವ್ಯಾಕರಣ ಉರುಹೊಡೆಯುವಾಗ ಆರೋಹಣ, ಅವರೋಹಣ ಎರಡಕ್ಕೂ 'ರುಹ್' ಎಂಬುದೇ ಧಾತು, ಉಪಸರ್ಗ ಮಾತ್ರ ಬೇರೆ ಎಂದು ಗುರುಗಳಿಗೆ ಒಪ್ಪಿಸಿದ್ದೆವು. ಅರ್ಥವಾದದ್ದು ಆ ಬಂಡೆಯ ಬುಡದಲ್ಲಿ, ಐವತ್ತು ದಾಟಿದ ಮೇಲೆ. ಏರುವವರನ್ನು ನಾವು ಬಹಳ ಕಂಡಿದ್ದೇವೆ, ಮಠಗಳಲ್ಲೂ ಕಂಡಿದ್ದೇವೆ. ಎರಡಾಳು ಎತ್ತರ ಬಾಕಿಯಿರುವಾಗ ಇಳಿದುಬಂದವರನ್ನು ಕಂಡದ್ದು ಕಡಿಮೆ.

ಮರುದಿನ ಆ ತಾಯಿಯನ್ನು ಕರೆಸಿ, "ತಾಯಿ, ನಮ್ಮ ಮಾತನ್ನು ಹಿಂತೆಗೆದುಕೊಂಡಿದ್ದೇವೆ. ನಿಮ್ಮ ಮಗನಿಗೆ ಇಳಿಯುವುದು ಗೊತ್ತು" ಎಂದೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಬುದ್ಧಿ, ತಾವು ನೋಡಿದ್ದು ಒಂದು ಭಾನುವಾರ. ನನಗೆ ಪ್ರತಿ ಭಾನುವಾರವೂ ಇದೆಯಲ್ಲ" ಎಂದರು. ಇದಕ್ಕೆ ನಮ್ಮ ತರ್ಕದಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ಒಂದೇ ಅಪ್ಪಣೆ ಕೊಟ್ಟೆವು: ಯಾವ ಬಂಡೆ, ಜೊತೆಗೆ ಯಾರು ಎಂಬುದನ್ನು ಹೋಗುವ ಮುನ್ನ ಹೇಳಬೇಕು, ನೆಲಕ್ಕೆ ಕಾಲಿಟ್ಟೊಡನೆ, ಹಗ್ಗ ಬಿಚ್ಚುವುದಕ್ಕೂ ಮೊದಲು, ತಾಯಿಗೆ ಫೋನ್ ಮಾಡಬೇಕು.

ಆ ತಾಯಿ ಇಂದು ಈ ಸಭೆಯಲ್ಲಿದ್ದಾರೆ. ಇವತ್ತೂ ಭಾನುವಾರ. ಫೋನ್ ಕೈಯಲ್ಲೇ ಹಿಡಿದು ಕುಳಿತಿದ್ದಾರೆ. ನಡುವೆ ಎದ್ದು ಹೊರಗೆ ಹೋದರೆ ಯಾರೂ ತಪ್ಪು ತಿಳಿಯಬೇಡಿ.